ಆಶೀರ್ವಾದವೇ ಉಡುಗೊರೆ

ಸೆಪ್ಟೆಂಬರ್ ೮, ಭಾನುವಾರ

ಪ್ರೀತಿಯ ಅಕ್ಕಾ,

ನನಗೆ ಇನ್ನೊಂದು ಸಲ ಮದುವೆಯಾಯಿತು, ಅದೂ ಅದೇ ಗಂಡನ ಜೊತೆ! ರಿಜಿಸ್ಟ್ರಾರ್ ಕಚೇರಿಯಲ್ಲಿ ನೀನು ಸಾಕ್ಷಿ ಸಹಿ ಹಾಕಿ, ಶಾಯಿ ಒಣಗುವ ಮೊದಲೇ ನಿನ್ನ ಆಫೀಸಿಗೆ ಓಡಿದೆಯಲ್ಲ, ಅದು ಮೊದಲನೆಯದು. ಎರಡನೆಯದು ಮೊನ್ನೆ ಶುಕ್ರವಾರ ಸಂಜೆ, ಈ ಊರಿನ ಅತಿ ದೊಡ್ಡ ಹಾಲ್‌ನಲ್ಲಿ. ಮೈಕು, ಬಣ್ಣದ ದೀಪ, ಬಾಗಿಲಿನಿಂದ ವೇದಿಕೆಯವರೆಗೆ ಕೆಂಪು ಜಮಖಾನೆ. ಎಲ್ಲ ದೊಡ್ಡವರ ಕೃಪೆ. ದೊಡ್ಡವರು ಅಂದರೆ ಇವರ ಸಾಹೇಬರು, ಶಾಸಕರು. ಇಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. "ನನ್ನ ಆಪ್ತ ಸಹಾಯಕನ ಮದುವೆ ಕದ್ದುಮುಚ್ಚಿ ಆಗೋದಾ? ಊರು ಏನಂದ್ಕೊಳ್ಳುತ್ತೆ?" ಎಂದರಂತೆ. ಹಾಲ್ ಗೊತ್ತುಮಾಡಿದ್ದು, ಕಾರ್ಡ್ ಅಚ್ಚು ಹಾಕಿಸಿದ್ದು, ಕರೆದದ್ದು, ಎಲ್ಲ ಅವರೇ.

ನಗಬೇಡ, ನಾನೂ ಗಂಡನಿಗೆ "ಇವರು" ಅನ್ನಲು ಕಲಿತೆ. ಮೊನ್ನೆಮೊನ್ನೆಯವರೆಗೆ "ಲೋ" ಎನ್ನುತ್ತಿದ್ದವಳು. "ಇವರು" ಅಂದಾಗ ಬಾಯಿಗೆ ಹೊಸ ಲಿಪ್‌ಸ್ಟಿಕ್ ಹಚ್ಚಿಕೊಂಡ ಹಾಗಾಗುತ್ತದೆ. ನನ್ನ ಕನ್ನಡವನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಬೇಡ, ಮಹಾಪ್ರಾಣಗಳೆಲ್ಲ ಸರಿಯಾಗಿವೆ, ನಿಘಂಟು ನೋಡಿ ಬರೆದಿದ್ದೇನೆ.

ರಿಸೆಪ್ಷನ್ ಹೇಗಿತ್ತು ಕೇಳು. ಎಂಜಿನಿಯರುಗಳು, ಕಂಟ್ರಾಕ್ಟರುಗಳು, ಪೆಟ್ರೋಲ್ ಬಂಕಿನ ಮಾಲೀಕರು, ಕಾಲೇಜು ನಡೆಸುವವರು, ಊರಿಗೆ ಊರೇ ಬಂದಿತ್ತು. ನಮ್ಮ ಕಡೆಯವಳು ನಾನೊಬ್ಬಳೇ. ಇವರು ಅರ್ಧ ಹೊತ್ತು ವೇದಿಕೆಯ ಹಿಂದಿನ ಕೋಣೆಯಲ್ಲಿ ಅತಿಥಿಗಳನ್ನು ವಿಚಾರಿಸಿಕೊಳ್ಳುತ್ತಿದ್ದರು. ನಾನು ಎರಡು ವೆಲ್ವೆಟ್ ಕುರ್ಚಿಗಳ ಪೈಕಿ ಒಂದರಲ್ಲಿ ಕೂತು, ಖಾಲಿ ಕುರ್ಚಿಯ ಪಕ್ಕದಲ್ಲಿ ನಗುತ್ತಾ ಫೋಟೊ ತೆಗೆಸಿಕೊಂಡೆ.

ಆಮಂತ್ರಣದಲ್ಲಿ "ಉಡುಗೊರೆ ಬೇಡ, ಆಶೀರ್ವಾದವೇ ಉಡುಗೊರೆ" ಎಂದು ಹಾಕಿಸಿದ್ದರು. ಎಷ್ಟು ಚೆನ್ನಾಗಿದೆ ಅಲ್ಲವಾ? ಇಲ್ಲಿಯ ಜನ ಅದನ್ನು ಎಷ್ಟು ಮನಸ್ಸಿಗೆ ತೆಗೆದುಕೊಂಡಿದ್ದಾರೆ ಅಂದರೆ, ದೊಡ್ಡವರು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ "ಆಶೀರ್ವಾದ ಆಯ್ತಾ?" ಎಂದು ಕೇಳುತ್ತಿದ್ದರು. ಬಂದವರು ನಮ್ಮ ಮುಖವನ್ನೇ ನೋಡುವ ಮೊದಲು "ಆಯ್ತು ಸಾರ್" ಎನ್ನುತ್ತಿದ್ದರು. ಒಬ್ಬರಿಗೆ ದೊಡ್ಡವರು, "ನಿಮ್ದು ಸ್ವಲ್ಪ ತೂಕದ ಆಶೀರ್ವಾದ ಇರ್ಬೇಕಪ್ಪ" ಎಂದರು. ನನಗೆ ಕಣ್ಣು ತುಂಬಿ ಬಂತು. ಗುರುತು ಪರಿಚಯ ಇಲ್ಲದ ಹುಡುಗಿಗೆ ಇಷ್ಟು ಹಾರೈಕೆ!

ಉಡುಗೊರೆ ಬೇಡ ಎಂದರೂ ಕೇಳದ ಐದು ಜನ ಐದು ಗೋಡೆ ಗಡಿಯಾರ ತಂದಿದ್ದಾರೆ. ನಮ್ಮ ಕ್ವಾರ್ಟರ್ಸಿನಲ್ಲಿ ಗೋಡೆಗಳೇ ನಾಲ್ಕು. ಐದೂ ಬೇರೆ ಬೇರೆ ಹೊತ್ತು ತೋರಿಸುತ್ತವೆ. ಇವರು ಯಾವ ಗಡಿಯಾರ ನೋಡಿಕೊಂಡು ಮನೆಗೆ ಬರುತ್ತಾರೋ ನನಗಂತೂ ತಿಳಿಯುತ್ತಿಲ್ಲ.

ಕೊನೆಯಲ್ಲಿ ದೊಡ್ಡವರು ಮೈಕು ಹಿಡಿದು, "ಈ ಹುಡುಗಿ ನಮ್ಮ ಮನೆಗೆ ಬಂದಳು, ನನ್ನ ಎರಡು ವರ್ಷದ ತಲೆನೋವು ಹೋಯ್ತು" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಇವರು ಮದುವೆಯಿಲ್ಲದೆ ಎರಡು ವರ್ಷ ಅವರ ತಲೆ ತಿಂದಿರಬೇಕು.

ನೀನು ಬರಬೇಕಿತ್ತು. "ರಜೆ ಇಲ್ಲ" ಎಂಬ ಎರಡೇ ಪದದ ಉತ್ತರ ಓದಿ ಅತ್ತುಬಿಟ್ಟೆ, ಆಮೇಲೆ ಐಸ್‌ಕ್ರೀಮ್ ತಿಂದೆ.

ಈಗ ಥ್ಯಾಂಕ್ ಯೂ ಕಾರ್ಡ್ ಬರೆಯಲು ಕೂತಿದ್ದೇನೆ. ಒಂದು ವಾರದೊಳಗೆ ಧನ್ಯವಾದ ಬರೆಯದವಳು ಕಾಡುಪ್ರಾಣಿ ಎಂದು ನಮ್ಮ ಹೆಡ್‌ಮಿಸ್ಟ್ರೆಸ್ ಹೇಳುತ್ತಿದ್ದದ್ದು ನೆನಪಿದೆಯಾ? ಆಫೀಸಿನ ಟೈಪಿಸ್ಟ್ ಎಲ್ಲರ ವಿಳಾಸ ಕೊಟ್ಟಿದ್ದಾಳೆ. ಇವರು ಟೂರ್‌ನಲ್ಲಿದ್ದಾರೆ, ಬಂದಾಗ ಆಶ್ಚರ್ಯಪಡಿಸಬೇಕು. ಉಡುಗೊರೆಯ ಮಾತಿಲ್ಲವಲ್ಲ, ಅದಕ್ಕೆ ಎಲ್ಲರಿಗೂ ಕನ್ನಡದಲ್ಲೇ ಒಂದು ಸಾಲು: "ನಿಮ್ಮ ಆಶೀರ್ವಾದ ತಲುಪಿತು. ಸದಾ ನೆನಪಿರುತ್ತದೆ." ಕೆಳಗೆ ನನ್ನ ಸಹಿ. ಹೇಗಿದೆ?

ನಿನ್ನ
ಗಿಣಿ


ಸೆಪ್ಟೆಂಬರ್ ೧೭

ಗಿಣಿ,

ನಿನ್ನ ಪತ್ರ ಬಂದು ಕೆಲವು ದಿನಗಳಾದವು. ಉತ್ತರ ಬರೆದು, ಹರಿದು, ಮತ್ತೆ ಬರೆಯುತ್ತಿದ್ದೇನೆ.

ನೀನು ಸಂತೋಷವಾಗಿದ್ದೀಯ ಎಂದು ಓದಿ ಸಂತೋಷವಾಯಿತು. ನನ್ನ ಆರೋಗ್ಯ ಚೆನ್ನಾಗಿದೆ. ನೀತಿ ಸಮಿತಿಯಲ್ಲಿ ನನ್ನ ಟೇಬಲ್ ಬದಲಾಗಿದೆ. ಈಗ ಕಿಟಕಿಯ ಪಕ್ಕ ಕೂರುತ್ತೇನೆ. ಕೆಲಸ ಕಡಿಮೆ, ಗಾಳಿ ಜಾಸ್ತಿ.

ಆ ಕಾರ್ಡ್‌ಗಳನ್ನು ಕಳಿಸಬೇಡ. ಕಾರಣ ಕೇಳಬೇಡ. ಯಾರಿಗಾದರೂ ಧನ್ಯವಾದ ಹೇಳಲೇಬೇಕು ಅನಿಸಿದರೆ ಗಡಿಯಾರ ಕೊಟ್ಟವರಿಗೆ ಹೇಳು, ಅಷ್ಟೇ.

ಹಾಲ್‌ನ ಬಾಡಿಗೆ ಯಾರು ಕೊಟ್ಟರು? ಬೇಡ, ಇದಕ್ಕೆ ಉತ್ತರ ಬರೆಯಬೇಡ. ಬರೆದರೆ ನಾನು ಓದಬೇಕಾಗುತ್ತದೆ.

ಮಳೆ ಬಿಟ್ಟಿಲ್ಲ, ಥಂಡಿ ಇದೆ. ನಿನ್ನ ನೀಲಿ ಸ್ವೆಟರ್ ಇಲ್ಲೇ ಉಳಿದಿದೆ, ಕಳಿಸುತ್ತೇನೆ.

ಅಕ್ಕ


ಸೆಪ್ಟೆಂಬರ್ ೨೪

ಅಕ್ಕಾ,

ಇದು ಮದುಮಗಳಿಗೆ ಬರೆಯುವ ಪತ್ರವಾ, ಆಫೀಸಿನ ಮೆಮೋ? ಕಳಿಸಬೇಡ, ಕೇಳಬೇಡ, ಬರೆಯಬೇಡ. ಎಣಿಸಿದರೆ ನಿನ್ನ ಪತ್ರದಲ್ಲಿ "ಬೇಡ"ಗಳೇ ಹೆಚ್ಚು.

ಕಾರ್ಡ್‌ಗಳು ಹೋಗಿಯಾಯಿತು. ಒಂದೊಂದನ್ನೂ ನನ್ನ ಕೈಯಾರೆ ಬರೆದು, ಅಂಚೆಚೀಟಿ ಅಂಟಿಸಿ ನಾಲಿಗೆ ಕಹಿಯಾಗುವಷ್ಟು ಕೂತು ಕಳಿಸಿದೆ. ಹಾಲ್ ಬಾಡಿಗೆ ಯಾರು ಕೊಟ್ಟರೆ ನಿನಗೇನು? ನೀನು ಕೊಡಲಿಲ್ಲವಲ್ಲ. ಅಪ್ಪ ಅಮ್ಮ ಇಲ್ಲದ ಮೇಲೆ ನನ್ನನ್ನು ಓದಿಸಿದೆ, ಬೆಳೆಸಿದೆ, ಎಲ್ಲ ನಿಜ. ಅದಕ್ಕೆ ನನ್ನ ಸಂತೋಷಕ್ಕೂ ನಿನ್ನ ಮಂಜೂರಾತಿ ಬೇಕಾ?

ಹೇಳಲೇಬೇಕಾದ್ದನ್ನು ಹೇಳಿಬಿಡುತ್ತೇನೆ, ನೀನೇ ತಾನೇ ಕಲಿಸಿದ್ದು, ಫೋನಿನಲ್ಲಿ "ಹೂಂ" ಅಂದರೆ ಹತ್ತು ಅರ್ಥ, ಕಾಗದದಲ್ಲಿ ಬರೆದರೆ ಒಂದೇ ಎಂದು. ನಿನಗೆ ಹೊಟ್ಟೆಕಿಚ್ಚು. ನೀನು ಇಡೀ ಆಯುಷ್ಯ ಆ ಸಮಿತಿಯಲ್ಲಿ ಕೂತು, ಬೇರೆಯವರ ಮೇಲಿನ ದೂರು ಓದಿ, ತಪ್ಪು ಹುಡುಕಿ ಹುಡುಕಿ, ಒಬ್ಬರು ಸುಮ್ಮನೆ ಒಳ್ಳೆಯದು ಮಾಡಬಹುದು ಅನ್ನುವುದನ್ನೇ ಮರೆತಿದ್ದೀಯ.

ಇವರನ್ನು ನೋಡಿ ಕಲಿ. ನಿನ್ನ ಪತ್ರವನ್ನು ನಾನು ಇವರಿಗೆ ತೋರಿಸಲೇ ಇಲ್ಲ, ನಾಚಿಕೆಯಾಯಿತು. ಆದರೂ ಊಟಕ್ಕೆ ಕೂತಾಗ ಇವರೇ ತಾವಾಗಿ ಕೇಳಿದರು: "ನಿಮ್ಮಕ್ಕನಿಗೆ ಹೊಸ ಟೇಬಲ್ ಹೊಂದಿಕೊಂಡಿತಾ?" ನಿನ್ನ ಮೇಲೆ ಎಷ್ಟು ಕಾಳಜಿ ನೋಡು. ನೀನು ಇವರ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ.

ಸ್ವೆಟರ್ ಬಂತು. ತೋಳಿನ ಹೊಲಿಗೆ ಬಿಚ್ಚಿದ್ದನ್ನು ಹೊಲಿದು ಕಳಿಸಿದ್ದೀಯ. ಅದಕ್ಕೆ ಥ್ಯಾಂಕ್ಸ್. ಬೇರೆ ಯಾವುದಕ್ಕೂ ಅಲ್ಲ.

ಗಿಣಿ


ಅಕ್ಟೋಬರ್ ೧೪, ಸೋಮವಾರ

ಅಕ್ಕಾ,

ನೀನು ಉತ್ತರ ಬರೆಯಲಿಲ್ಲ. ನಾನೂ ಬರೆಯಬಾರದು ಎಂದಿದ್ದೆ. ಆದರೆ ಕೇಳಲು ನಿನ್ನ ಬಿಟ್ಟರೆ ಯಾರೂ ಇಲ್ಲ.

ಶನಿವಾರ ಮಧ್ಯಾಹ್ನ ಒಬ್ಬರು ಬಾಗಿಲು ತಟ್ಟಿದರು. ರಸ್ತೆ, ಸೇತುವೆ ಕೆಲಸದ ಕಂಟ್ರಾಕ್ಟರ್. ರಿಸೆಪ್ಷನ್‌ಗೆ ಬಂದಿದ್ದವರೇ. ಇವರು ಮನೆಯಲ್ಲಿರಲಿಲ್ಲ. ಒಳಗೆ ಬಂದು ಬೆತ್ತದ ಕುರ್ಚಿಯಲ್ಲಿ ಕೂತರು. ಕೈಯಲ್ಲಿ ನನ್ನ ಕಾರ್ಡ್. ನನಗೆ ಖುಷಿಯಾಯಿತು, ಟೀ ಮಾಡಲು ಎದ್ದೆ.

"ಇದು ನೀವೇ ಬರೆದದ್ದಾ ಅಮ್ಮಾ?"

ನಾನೇ ಎಂದೆ.

"ಆಶೀರ್ವಾದ ತಲುಪಿತು ಅಂತ ಇದೆ. ಹಾಗಾದ್ರೆ ಸೇತುವೆ ಕೆಲಸ ಇನ್ನೊಬ್ಬನಿಗೆ ಹ್ಯಾಗೆ ಹೋಯ್ತು?"

ನಾನು ನಕ್ಕೆ ಅಕ್ಕಾ. ನೀವು ಆಶೀರ್ವಾದ ಮಾಡಿದ್ದು ನಮಗಲ್ಲವೇ, ಸೇತುವೆಗೇನು ಸಂಬಂಧ ಎಂದು ಕೇಳಿದೆ. ಆತ ನನ್ನನ್ನೇ ನೋಡುತ್ತಾ ಕೂತರು, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವನ್ನು ನೋಡಿದ ಹಾಗೆ. ಆಮೇಲೆ ಮೆಲ್ಲಗೆ ಹೇಳಿದರು: "ಕವರು ಹಿಂದಿನ ಕೋಣೇಲಿ ನಿಮ್ಮೆಜಮಾನ್ರ ಕೈಗೇ ಕೊಟ್ಟಿದ್ದು ನಾನು. ಎಲ್ರೂ ಅಲ್ಲೇ ಕೊಟ್ಟಿದ್ದು. ಚುನಾವಣೆ ಫಂಡು ಅಂತ ಬಾಯಿ ಬಿಟ್ಟು ಹೇಳೋ ಹಾಗಿಲ್ವಲ್ಲ, ಅದಕ್ಕೇ ಆಶೀರ್ವಾದ ಅಂತಾರೆ. ನಿಮಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ?"

ಟೀ ಉಕ್ಕಿ ಸ್ಟೌವ್ ಆರಿಹೋಯಿತು.

ಆತನೇನೂ ಸಾಧು ಮನುಷ್ಯನಲ್ಲ. ಕೊಟ್ಟದ್ದಕ್ಕೆ ಬೇಸರವಿಲ್ಲ, ಕೆಲಸ ಸಿಗಲಿಲ್ಲವೆಂದು ಸಿಟ್ಟು. ಈ ಕಾರ್ಡನ್ನು ನೀತಿ ಸಮಿತಿಗೇ ತೆಗೆದುಕೊಂಡು ಹೋಗುತ್ತೇನೆ, ಇಷ್ಟು ವರ್ಷದಲ್ಲಿ ಈ ಊರಲ್ಲಿ ಯಾರೂ ಇದಕ್ಕೆ ರಸೀದಿ ಕೊಟ್ಟಿರಲಿಲ್ಲ, ನೀವು ಕೊಟ್ಟಿರಿ ಎಂದು ಹೇಳಿ ಹೋದರು.

ರಸೀದಿ. ಅಕ್ಕಾ, ನಾನು ರಸೀದಿ ಬರೆದೆನಾ?

ಇವರು ಬಂದ ಮೇಲೆ ಎಲ್ಲ ಹೇಳಿದೆ. ಇವರು ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಬರವಣಿಗೇಲಿ ಕೊಟ್ಟಿದ್ದೀಯಾ? ಎಲ್ರಿಗೂ? ಇಂಗ್ಲಿಷ್ ಸ್ಕೂಲಲ್ಲಿ ಇದೇನಾ ಕಲ್ಸಿದ್ದು?" ತಪ್ಪಾಗಿ ಬರೆದು ಉಳಿಸಿದ್ದ ಕಾರ್ಡ್‌ಗಳನ್ನು ಬಟ್ಟೆ ನೆನೆಸಿದ ಬಕೆಟ್ಟಿಗೆ ಹಾಕಿದರು. ನನ್ನ ಬಿಳಿ ಲಂಗವೆಲ್ಲ ನೀಲಿ ಶಾಯಿಯಾಗಿದೆ. ಪೆಟ್ರೋಲ್ ಬಂಕಿನವರು ಏನೂ ಕೊಟ್ಟೇ ಇರಲಿಲ್ಲವಂತೆ. ಈಗ ನನ್ನ ಕಾರ್ಡಿಗೆ ಕಟ್ಟು ಹಾಕಿಸಿ, "ನಮ್ದು ತಲುಪಿದೆ, ಸೊಸೆಯಮ್ಮ ಬರೆದಿದ್ದಾರೆ" ಎಂದು ಎಲ್ಲರಿಗೂ ತೋರಿಸುತ್ತಿದ್ದಾರಂತೆ. ಬೇರೆ ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ.

ಇವರು ಕೆಟ್ಟವರಲ್ಲ. ದುಡ್ಡಿಲ್ಲದೆ ಯಾವ ಚುನಾವಣೆ ನಡೆಯುತ್ತದೆ, ಒಳ್ಳೆಯವರು ಗೆಲ್ಲುವುದಕ್ಕೂ ದುಡ್ಡು ಬೇಕು ಎನ್ನುತ್ತಾರೆ. ಅದೂ ನಿಜವಿರಬಹುದು. ನನಗೆ ಗೊತ್ತಾಗುತ್ತಿಲ್ಲ. ಕಾರ್ಡ್ ಕಳಿಸಬೇಡ ಎಂದೆಯಲ್ಲ, ನಿನಗೆ ಮೊದಲೇ ಏನು ಗೊತ್ತಿತ್ತು? ಬೇಗ ಬರೆ.

ಗಿಣಿ


ಅಕ್ಟೋಬರ್ ೧೯

ಗಿಣಿ,

ನಿನ್ನ ಪತ್ರವನ್ನು ಕಂಟ್ರಾಕ್ಟರ್ ಬೆತ್ತದ ಕುರ್ಚಿಯಲ್ಲಿ ಕೂತು ಕಾರ್ಡ್ ತೋರಿಸುವವರೆಗೆ ಓದಿದೆ. ಅಲ್ಲಿಗೆ ನಿಲ್ಲಿಸಿ ಮಡಚಿಟ್ಟೆ. ಮುಂದಿನದನ್ನು ಓದಿಲ್ಲ.

ಇದನ್ನು ಓದಿ ನೀನು ಏನನ್ನುತ್ತೀಯ ಎಂದು ಗೊತ್ತು. ಆದರೂ ಕೇಳು. ಈಗ ಹೇಳುವುದು ಗುಟ್ಟಲ್ಲ, ನಮ್ಮ ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಯಾರು ಬೇಕಾದರೂ ಓದಬಹುದಾದ ಸಂಗತಿ. ನಿನ್ನ ಗಂಡನ ಸಾಹೇಬರ ಮೇಲಿನ ದೂರಿನ ಫೈಲು ಎರಡು ವರ್ಷ ನನ್ನ ಟೇಬಲ್ ಮೇಲಿತ್ತು. ನಿನ್ನ ಮದುವೆಯ ದಿನ ನಾನು ಸಹಿ ಹಾಕಿ ಓಡಿದ್ದು, ಆ ಸಂಬಂಧವನ್ನು ಅಧ್ಯಕ್ಷರಿಗೆ ಬರೆದುಕೊಟ್ಟು ಫೈಲು ಒಪ್ಪಿಸುವುದಕ್ಕೆ. ಸಂಬಂಧಿಕರ ವಿಷಯದಲ್ಲಿ ನಾವು ಕೈ ಹಾಕುವಂತಿಲ್ಲ. ರಿಸೆಪ್ಷನ್‌ಗೆ ಬರದೇ ಇದ್ದದ್ದೂ ಅದಕ್ಕೇ. ಫೈಲು ಈಗ ಇನ್ನೊಬ್ಬರ ಬಳಿ ಇದೆ. ಅದನ್ನು ತೆರೆಯಬೇಕಾದಾಗಲೆಲ್ಲ ಅವರಿಗೆ ಹಲ್ಲುನೋವು ಬರುತ್ತದೆ.

ನಿನಗೆ ಮೊದಲೇ ಹೇಳಬಹುದಿತ್ತು. ಹೇಳಿದ್ದರೆ ನೀನು ಆ ಹುಡುಗನನ್ನು ನೋಡುವಾಗಲೆಲ್ಲ ಫೈಲು ನೋಡುತ್ತಿದ್ದೆ. ನೀನು ಅವನನ್ನು ನೋಡಿ ನಗುವಾಗ ನಿನ್ನ ಮುಖ ಹೇಗಿತ್ತು ಅನ್ನುವುದು ನಿನಗೆ ಗೊತ್ತಿಲ್ಲ. ನಾನು ನೋಡಿದ್ದೆ. ಅದಕ್ಕೆ ಸುಮ್ಮನಾದೆ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಬರೆದದ್ದನ್ನು ನಾನು ಓದಿ ತಿಳಿದರೆ ಅದನ್ನು ಸಮಿತಿಗೆ ತಿಳಿಸಲೇಬೇಕು. ತಂಗಿಯ ಪತ್ರವನ್ನು ಕದ್ದು ಒಪ್ಪಿಸಿದ ಅಕ್ಕ ನಾನಾಗಲಾರೆ. ಓದಿ ಸುಮ್ಮನಿರುವ ನೌಕರಳೂ ಆಗಲಾರೆ. ಹಾಗಾಗಿ ನೀನೇ ತೀರ್ಮಾನಿಸು. ಅಕ್ಕನಿಗೆ ಬರೆಯುವುದಾದರೆ ಗಡಿಯಾರಗಳ ಬಗ್ಗೆ ಬರೆ, ಅಡುಗೆಯ ಬಗ್ಗೆ ಬರೆ. ಉಳಿದದ್ದನ್ನು ಬರೆಯುವ ಮನಸ್ಸಿದ್ದರೆ ಸಮಿತಿಯ ಅಧ್ಯಕ್ಷರ ಹೆಸರಿಗೆ, ನಿನ್ನದೇ ಸಹಿಯಲ್ಲಿ ಬರೆ. ನನ್ನ ಮೂಲಕ ಬೇಡ. ಬರೆಯದಿದ್ದರೂ ನೀನು ನನ್ನ ತಂಗಿಯೇ.

ನನಗೆ ಸಿಟ್ಟಿಲ್ಲ ಎಂದುಕೊಳ್ಳಬೇಡ. ಮಡಚಿಟ್ಟ ನಿನ್ನ ಪತ್ರ ಮೇಜಿನ ಮೇಲಿದೆ. ಅದರ ಮೇಲೆ ಕಬ್ಬಿಣದ ಪೇಪರ್‌ವೇಟ್ ಇಟ್ಟಿದ್ದೇನೆ. ಅದನ್ನು ಯಾರ ತಲೆಗೆ ಎಸೆಯಬೇಕು ಎಂದು ದಿನವೂ ಯೋಚಿಸುತ್ತೇನೆ.

ಅಕ್ಕ


ಅಕ್ಟೋಬರ್ ೨೬, ಶನಿವಾರ

ಅಕ್ಕಾ,

ಅರ್ಧಕ್ಕೆ ಮಡಚಿಟ್ಟೆಯಾ? ನಾನು ನೀರಿಗೆ ಬಿದ್ದು ಕೂಗಿದರೆ ಈ ಕೆರೆ ಯಾರ ವ್ಯಾಪ್ತಿಗೆ ಬರುತ್ತದೆ ಎಂದು ಕೇಳಿ ಆಮೇಲೆ ಹಗ್ಗ ಎಸೆಯುತ್ತೀಯಾ? ಆ ಸಾಲು ಓದಿ ನಿನ್ನ ಪತ್ರವನ್ನು ನಾನೂ ಮಡಚಿ ಎಸೆದೆ. ಒಂದು ದಿನ ಅಲ್ಲೇ ಬಿದ್ದಿತ್ತು. ಆಮೇಲೆ ಎತ್ತಿಕೊಂಡು ಓದಿದೆ.

ಈ ಪತ್ರವನ್ನು ಪೂರ್ತಿ ಓದು. ಇದರಲ್ಲಿರುವುದನ್ನೆಲ್ಲ, ನೀನು ಮಡಚಿಟ್ಟದ್ದನ್ನೂ ಸೇರಿಸಿ, ನಿನ್ನೆಯೇ ಅಧ್ಯಕ್ಷರ ಹೆಸರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ, ನನ್ನ ಸಹಿ ಹಾಕಿ ಕಳಿಸಿದ್ದೇನೆ. ನೀನು ಮುಚ್ಚಿಡುವಂಥದ್ದೂ ಒಪ್ಪಿಸುವಂಥದ್ದೂ ಏನೂ ಉಳಿದಿಲ್ಲ. ಇನ್ನಾದರೂ ಅಕ್ಕನ ಹಾಗೆ ಓದು.

ಮಂಗಳವಾರ ದೊಡ್ಡವರು ಕರೆಸಿದರು. ಅವರ ಕಚೇರಿಯನ್ನು ನಾನು ನೋಡಿದ್ದು ಅದೇ ಮೊದಲು. ಹೊರಗಿನ ಬೆಂಚಿನಲ್ಲಿ ಅರ್ಜಿ ಹಿಡಿದ ಜನ. ಒಬ್ಬಾಕೆ ಕಾಲು ಸುಟ್ಟ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಒಳಗೆ ತಣ್ಣಗಿನ ಕೋಣೆ, ಮೇಜಿನ ಮೇಲೆ ನೀತಿ ಸಂಹಿತೆಯ ಪುಸ್ತಕ. ನಿಮ್ಮ ಸಮಿತಿಯದೇ. ನಿನ್ನ ಬಳಿ ಇರುವ ಪ್ರತಿಗಿಂತ ಹೆಚ್ಚು ಓದಿ ಹಾಳೆ ಸವೆದಿತ್ತು.

"ಕೂತ್ಕೋ ಮಗಳೇ" ಎಂದರು. ಮಗಳೇ ಎಂದಾಗ ಹಿಂದೆ ನನಗೆ ಕಣ್ಣು ತುಂಬುತ್ತಿತ್ತು.

ಒಂದು ಹಾಳೆ ಮುಂದೆ ತಳ್ಳಿದರು. ಸೆಪ್ಟೆಂಬರ್ ಆರರ ಸಂಜೆ ಬಂದ ಲಕೋಟೆಗಳೆಲ್ಲ ನಮ್ಮ ಮದುವೆಗೆ ಬಂಧುಮಿತ್ರರು ಕೊಟ್ಟ ಉಡುಗೊರೆ, ಅವನ್ನು ನಾನೂ ನನ್ನ ಗಂಡನೂ ಪಡೆದಿದ್ದೇವೆ ಎಂದು ಅದರಲ್ಲಿತ್ತು. ಕೆಳಗೆ ಅವನ ಸಹಿ ಆಗಲೇ ಬಿದ್ದಿತ್ತು. ಪಕ್ಕದಲ್ಲಿ ನನಗೆಂದು ಖಾಲಿ ಗೆರೆ, ರಿಸೆಪ್ಷನ್ನಿನ ಖಾಲಿ ಕುರ್ಚಿಯ ಹಾಗೆ.

ದೊಡ್ಡವರು ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದರು. ಟೆಂಡರ್ ನಡೆಯುವಾಗ ಕಂಟ್ರಾಕ್ಟರುಗಳಿಂದ ಶಾಸಕರು ನಿಧಿ ಪಡೆಯುವಂತಿಲ್ಲ. ಸರ್ಕಾರದ ಸಂಬಳ ತಿನ್ನುವ ಸಹಾಯಕ ನಿಧಿ ಎತ್ತುವಂತಿಲ್ಲ. ಆದರೆ ಮದುವೆಯಲ್ಲಿ ಬಂಧುಮಿತ್ರರು ಕೊಡುವ ಉಡುಗೊರೆಗೆ ಈ ನಿಯಮ ಅನ್ವಯಿಸುವುದಿಲ್ಲ. "ನಿಯಮ ಮಾಡಿದೋರೇ ಬಾಗಿಲು ಇಟ್ಟಿದ್ದಾರೆ ಮಗಳೇ. ಬಾಗಿಲು ಇರೋದ್ಯಾಕೆ? ಹೋಗಿ ಬರೋಕೆ."

ಆ ಬಾಗಿಲು ನಾನು, ಅಕ್ಕಾ. ನನ್ನ ಮದುವೆ ಬಾಗಿಲು.

ನಿನ್ನ ಬಗ್ಗೆಯೂ ಮಾತಾಡಿದರು. "ನಿಮ್ಮಕ್ಕ ನೇರ ಮನುಷ್ಯೆ. ಅಂಥೋರು ಇರ್ಬೇಕು. ದೂರದಲ್ಲಿರ್ಬೇಕು, ಅಷ್ಟೇ" ಎಂದು ನಕ್ಕರು. ಆ ನಗು ನನಗೆ ಗುರುತು ಸಿಕ್ಕಿತು. ಮೈಕಿನಲ್ಲಿ ಕೇಳಿದ್ದೆ. ಈ ಹುಡುಗಿ ಬಂದಳು, ಎರಡು ವರ್ಷದ ತಲೆನೋವು ಹೋಯಿತು. ಆ ತಲೆನೋವು ನೀನು. ಹಾಲ್‌ನಲ್ಲಿದ್ದವರೆಲ್ಲ ನಕ್ಕರಲ್ಲ, ಅವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದೆ ನಕ್ಕವಳು ನಾನೊಬ್ಬಳೇ. ಅವರಿಗಿಂತ ಜೋರಾಗಿ ನಕ್ಕಿದ್ದೆ.

"ಸಾರ್, ನನಗೆ ಬಂದದ್ದು ಐದು ಗೋಡೆ ಗಡಿಯಾರ. ಅದಕ್ಕೆ ಬೇಕಾದ್ರೆ ಸಹಿ ಹಾಕ್ತೀನಿ" ಎಂದೆ.

ಅವರ ಮುಖದಲ್ಲಿ ನಗು ಹಾಗೇ ಇತ್ತು, ಧ್ವನಿ ಬದಲಾಯಿತು. "ಸಹಿ ಹಾಕಲ್ಲ ಅಂದ್ರೆ ನಿನ್ನ ಗಂಡ ಒಬ್ಬನೇ ಸಿಕ್ಕಿಹಾಕ್ಕೋತಾನೆ. ನಾನಲ್ಲ. ಕೋಣೇಲಿ ಕೂತಿದ್ದು ಅವನು. ಸೋಮವಾರದವರೆಗೆ ಯೋಚನೆ ಮಾಡು." ಹೊರಗೆ ಬಂದಾಗ ಆ ಮಗುವಿನ ತಾಯಿ ಇನ್ನೂ ಅಲ್ಲೇ ಕೂತಿದ್ದಳು.

ಮನೆಗೆ ಬಂದು ಅವನನ್ನು ಕೂರಿಸಿದೆ. "ಇವರು" ಎಂದು ಕರೆಯಲು ಬಾಯಿ ಬರಲಿಲ್ಲ. "ಲೋ, ನಿಜ ಹೇಳು. ನನ್ನನ್ನ ಯಾಕೆ ಮದುವೆ ಆದೆ?" ಎಂದು ಕೇಳಿದೆ.

"ಇಷ್ಟಪಟ್ಟೆ, ಅದಕ್ಕೆ. ನಿಮ್ಮಕ್ಕ ಯಾರು ಅಂತ ಗೊತ್ತಾಗೋಕೆ ಮುಂಚೇನೇ ಇಷ್ಟಪಟ್ಟಿದ್ದೆ."

"ಗೊತ್ತಾದ ಮೇಲೆ?"

"ದೊಡ್ಡವರಿಗೆ ಹೇಳಿದೆ. ಸುಮ್ನೆ, ಮಾತಿಗೆ. ಬೇಗ ಮಾಡ್ಕೋ ಅಂದ್ರು."

"ಯಾಕೆ ಬೇಗ?"

ಅವನು ಗೋಡೆಯ ಗಡಿಯಾರಗಳನ್ನು ಒಂದೊಂದಾಗಿ ನೋಡಿದ. ಯಾವುದೂ ಅವನ ಸಹಾಯಕ್ಕೆ ಬರಲಿಲ್ಲ.

"ಆ ಫೈಲು ಅಕ್ಟೋಬರ್‌ನಲ್ಲಿ ವಿಚಾರಣೆಗೆ ಬರೋದಿತ್ತು."

ನನ್ನ ಮದುವೆಯ ದಿನಾಂಕವನ್ನು ಒಂದು ಫೈಲು ಗೊತ್ತುಮಾಡಿತು, ಅಕ್ಕಾ. ನೆನಪಿದೆಯಾ, ಇಷ್ಟು ಅವಸರ ಯಾಕೆ ಎಂದು ನೀನು ಕೇಳಿದಾಗ, ಅವನಿಗೆ ನನ್ನನ್ನು ಬಿಟ್ಟಿರಲು ಆಗುವುದಿಲ್ಲ ಎಂದು ಹೇಳಿ ನಾಚಿಕೊಂಡಿದ್ದೆ. ಆ ನಾಚಿಕೆಯನ್ನು ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಇಷ್ಟಪಟ್ಟಿದ್ದು ಸುಳ್ಳಲ್ಲ ಎಂದು ಅವನು ಅತ್ತ. ಸುಳ್ಳಲ್ಲದೇ ಇರಬಹುದು. ಅದೇ ನನ್ನನ್ನು ಹೆಚ್ಚು ಉರಿಸುತ್ತಿರುವುದು. ಪೂರ್ತಿ ಸುಳ್ಳಾಗಿದ್ದರೆ ಕಸದ ಜೊತೆ ಹೊರಗೆ ಹಾಕಿ ಬರುತ್ತಿದ್ದೆ.

ನಿಮ್ಮ ನಿಯಮದ ಮೇಲೂ ನನಗೆ ಸಿಟ್ಟಿದೆ. ಸಂಬಂಧ ಬೆಳೆದ ಕೂಡಲೇ ನೇರವಾಗಿರುವವಳು ಎದ್ದು ಕಿಟಕಿಯ ಪಕ್ಕ ಕೂರಬೇಕು. ನೇರವಾಗಿಲ್ಲದವನು ಸಂಬಂಧ ಬೆಳೆಸುತ್ತಾ ಹೋಗಬಹುದು. ಒಂದು ಮದುವೆಯಲ್ಲಿ ನಿನ್ನನ್ನು ಎಬ್ಬಿಸಿದರು, ಅದೇ ಮದುವೆಯಲ್ಲಿ ಲಕೋಟೆಯ ಹಣವನ್ನು ತೊಳೆದು ಬಿಳಿ ಮಾಡಿದರು. ಇಷ್ಟು ಮಿತವ್ಯಯದ ಮದುವೆ ಇನ್ನೆಲ್ಲಿ ನಡೆದಿದೆ? ನೀನು ಬೇರೆ ರೀತಿ ಮಾಡಬೇಕಿತ್ತು ಎನ್ನುವುದಿಲ್ಲ. ಮಾಡಿದ್ದರೆ ನೀನೂ ಅವರಲ್ಲಿ ಒಬ್ಬಳಾಗುತ್ತಿದ್ದೆ. ಸಿಟ್ಟಂತೂ ಇದೆ.

ಹೊಟ್ಟೆಕಿಚ್ಚು ಎಂದು ಬರೆದಿದ್ದೆನಲ್ಲ, ಆ ಸಾಲನ್ನು ಕತ್ತರಿಸಿ ಎಸೆದುಬಿಡು. ಉಳಿದ ಪತ್ರ ಬೇಕಾದರೆ ಇಟ್ಟುಕೋ.

ಸಹಿ ಹಾಕಿಲ್ಲ. ಹಾಕುವುದಿಲ್ಲ.

ಗಿಣಿ


ಅಕ್ಟೋಬರ್ ೩೧

ಗಿಣಿ,

ಪೂರ್ತಿ ಓದಿದೆ. ಮಡಚಿಟ್ಟಿದ್ದ ಹಳೆಯ ಪತ್ರವನ್ನೂ ಬಿಚ್ಚಿ ಓದಿದೆ.

ಅಧ್ಯಕ್ಷರು ನಿನ್ನ ಪತ್ರವನ್ನು ದಾಖಲಿಸಿದ್ದಾರೆ. ಹಲ್ಲುನೋವಿನವರ ಕೈಯಿಂದ ಫೈಲು ತೆಗೆದುಕೊಂಡು ತಾವೇ ಇಟ್ಟುಕೊಂಡಿದ್ದಾರೆ. ಎಂಟನೆಯ ತಾರೀಕು, ಶುಕ್ರವಾರ, ನೀನು ಹೇಳಿಕೆ ಕೊಡಬೇಕು. ನೋಟಿಸ್ ನಿನಗೆ ಬೇರೆಯಾಗಿ ಬರುತ್ತದೆ.

ಹೇಳಿಕೆ ಮುಗಿಯುವವರೆಗೆ ನಾನು ನಿನ್ನನ್ನು ನೋಡುವಂತಿಲ್ಲ. ಸ್ಟೇಷನ್ನಿಗೆ ಬರುವುದಿಲ್ಲ. ಮನೆಗೂ ಕರೆಯುವುದಿಲ್ಲ. ಅವರ ಕಡೆಯ ವಕೀಲರು ನಿನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ: ನಿಮ್ಮಕ್ಕ ಏನು ಹೇಳಿಕೊಟ್ಟಳು? "ಏನೂ ಇಲ್ಲ" ಎಂದು ನೀನು ಹೇಳುವಾಗ ಅದು ನಿಜವಾಗಿರಬೇಕು. ಸ್ಟೇಷನ್ ಎದುರು ಮಹಿಳೆಯರ ವಸತಿಗೃಹವಿದೆ, ಬಾಗಿಲಿಗೆ ಹಸಿರು ಬಣ್ಣ. ಅಲ್ಲಿ ಇಳಿದುಕೋ. ಈ ಪತ್ರದಲ್ಲಿ ಹೇಳಿಕೆಯ ಬಗ್ಗೆ ಇಷ್ಟೇ ಬರೆಯುತ್ತೇನೆ. ಇದರ ಒಂದು ಪ್ರತಿಯನ್ನು ಅಧ್ಯಕ್ಷರಿಗೂ ಕೊಟ್ಟಿದ್ದೇನೆ. ಬೈದುಕೋ.

ನಿನ್ನ ಗಂಡನ ಬಗ್ಗೆ ನಾನೇನೂ ಹೇಳುವುದಿಲ್ಲ. ನಿನ್ನ ಮದುವೆಗೆ ಸಾಕ್ಷಿ ಹಾಕಿದವಳು ನಾನು. ಅವನ ಮುಖ ನೋಡಿ ಹಾಕಿದೆ. ಅವನು ಆ ಹೊತ್ತಿನಲ್ಲಿ ಬೆವರುತ್ತಿದ್ದ. ಮದುವೆಯ ಗಾಬರಿ ಎಂದುಕೊಂಡಿದ್ದೆ.

ಹೊಟ್ಟೆಕಿಚ್ಚಿನ ಸಾಲನ್ನು ಕತ್ತರಿಸಿಲ್ಲ. ಅದರಲ್ಲಿ ಮಹಾಪ್ರಾಣದ ತಪ್ಪು ಒಂದೂ ಇರಲಿಲ್ಲ.

ಅಕ್ಕ


ನವೆಂಬರ್ ೪, ಸೋಮವಾರ

ಅಕ್ಕಾ,

ನೋಟಿಸ್ ಬಂತು. ಬಂದ ಉಡುಗೊರೆಗಳ ವಿವರ ತರಬೇಕು ಎಂದು ಅದರಲ್ಲಿದೆ. ನಾನು ವಿವರ ತರುತ್ತಿಲ್ಲ, ಉಡುಗೊರೆಗಳನ್ನೇ ತರುತ್ತಿದ್ದೇನೆ. ಐದೂ ಗಡಿಯಾರ. ಅಧ್ಯಕ್ಷರ ಮೇಜಿನ ಮೇಲೆ ಸಾಲಾಗಿ ಇಟ್ಟು, ಆ ಸಂಜೆ ನನ್ನ ಕೈಗೆ ಬಂದದ್ದು ಇಷ್ಟು ಎನ್ನುತ್ತೇನೆ. ದೊಡ್ಡವರ ವಕೀಲರು ಯಾವ ಹೊತ್ತು ಬೇಕೋ ಆರಿಸಿಕೊಳ್ಳಲಿ.

ದೊಡ್ಡವರು ಕ್ವಾರ್ಟರ್ಸ್ ಖಾಲಿ ಮಾಡಿ ಎಂದು ಹೇಳಿಕಳಿಸಿದ್ದಾರೆ. ಟೈಪಿಸ್ಟ್ ನನ್ನನ್ನು ಕಂಡು ರಸ್ತೆ ದಾಟುತ್ತಾಳೆ. ಹಾಲಿನವನು ಮಾತ್ರ ಎಂದಿನಂತೆ ನಿಂತು ಮಾತಾಡಿಸಿ, "ಏನಮ್ಮಾ, ಗಿಣಿ ಸುಮ್ಮನಾಯ್ತಲ್ಲ" ಎಂದ. ಸುಮ್ಮನಾಗಿಲ್ಲ ಎಂದೆ.

ನಿನ್ನೆ ಗಡಿಯಾರಗಳನ್ನು ಗೋಡೆಯಿಂದ ಇಳಿಸುತ್ತಿದ್ದಾಗ ಅವನು ಬಾಗಿಲಲ್ಲಿ ನಿಂತು ನೋಡಿದ. ಜಗಳವಾಡುತ್ತಾನೆ ಎಂದುಕೊಂಡು ನಾನೂ ಸಿದ್ಧಳಾಗಿದ್ದೆ. ಅವನು ಹಳೆಯ ಪೇಪರ್ ತಂದು, ನೆಲದ ಮೇಲೆ ಕೂತು, ಒಂದೊಂದನ್ನೂ ಸುತ್ತಿ ಕೊಟ್ಟ, ಗಾಜು ಒಡೆಯಬಾರದೆಂದು. ಕೊನೆಯದನ್ನು ಕೊಡುವಾಗ, "ನನ್ನ ಹೆಸರೂ ಹೇಳ್ತೀಯಾ?" ಎಂದು ಕೇಳಿದ.

"ಹಿಂದಿನ ಕೋಣೇಲಿ ಯಾರಿದ್ರು ಅಂತ ಕೇಳಿದ್ರೆ ಹೇಳ್ತೀನಿ. ಅದಕ್ಕೆ ಮುಂಚೆ ನೀನೇ ಬಂದು ಹೇಳಿದ್ರೆ ನನಗೆ ಆ ಕೆಲಸ ತಪ್ಪುತ್ತೆ" ಎಂದೆ.

ಅವನು ಪೆಟ್ಟಿಗೆಗೆ ಹಗ್ಗ ಬಿಗಿದು, ಹಿಡಿಯಲು ಒಂದು ಕುಣಿಕೆ ಸಾಕಾಗಿದ್ದಲ್ಲಿ ಎರಡು ಹಾಕಿದ. ಅದರ ಅರ್ಥ ಅವನು ಬರುತ್ತಾನೆಂದೋ, ಪೆಟ್ಟಿಗೆ ಭಾರವಿದೆಯೆಂದೋ, ನಾನು ಕೇಳಲಿಲ್ಲ. ಇನ್ನು ಮೇಲೆ ಯಾರ ಮಾತಿಗೂ ನಾನಾಗಿ ಅರ್ಥ ಹಚ್ಚುವುದಿಲ್ಲ.

ನೀನು ಸ್ಟೇಷನ್ನಿಗೆ ಬರಬೇಡ. ಹಸಿರು ಬಾಗಿಲಿನ ರಸ್ತೆಗೂ ಬರಬೇಡ. ಈ "ಬೇಡ" ಈ ಸಲ ನನ್ನದು. ಶುಕ್ರವಾರ ಹೇಳಿಕೆ ಮುಗಿದ ಮೇಲೆ ನಾನೇ ಬಂದು ನಿನ್ನ ಬಾಗಿಲು ತಟ್ಟುತ್ತೇನೆ. ಆಗ ಆ ಪೇಪರ್‌ವೇಟ್ ಕೆಳಗಿಟ್ಟು ತೆಗೆ. ನೀಲಿ ಸ್ವೆಟರ್ ಹಾಕಿಕೊಂಡಿರುತ್ತೇನೆ. ಗುರುವಾರ, ಬೆಳಗಿನ ಪ್ಯಾಸೆಂಜರ್ ಗಾಡಿಗೆ ಹೊರಡುತ್ತೇನೆ.

ಗಿಣಿ